ಸಂವೇದಕದ ಮೊದಲ ಮಾತು

ಯಂತ್ರಕ್ಕೂ ಕಾರ್ಯನಿರ್ವಹಣಾ ವ್ಯವಸ್ಥೆಗೂ ನಡುವೆ ನಿಂತು ದುಭಾಷಿಯ ಕೆಲಸ ಮಾಡುವ ತಂತ್ರಾಂಶವೇ ‘ಡ್ರೈವರ್’. ಸಂವೇದಕ ನೀಡಿದ ಅಂಕಿಯನ್ನು ದಾಟಿಸುವುದರ ಜೊತೆಗೆ, ಅದು ನಂಬಲರ್ಹವೇ ಎಂದು ಪರೀಕ್ಷಿಸುವುದೂ ಅದರ ಹೊಣೆ.

ಡಿಎಸ್18ಬಿ20 ಎಂಬ ಉಷ್ಣತಾ ಸಂವೇದಕಕ್ಕೆ ವಿದ್ಯುತ್ ದೊರೆತೊಡನೆ ಅದರ ಸ್ಮೃತಿಯಲ್ಲಿ 85 ಡಿಗ್ರಿ ಸೆಲ್ಸಿಯಸ್ ಎಂಬ ಅಂಕಿ ತಾನಾಗಿ ನೆಲೆಗೊಳ್ಳುತ್ತದೆ. ಅದು ಅಳತೆಯಲ್ಲ, ಆರಂಭಸ್ಥಿತಿಯ ಗುರುತು. 12 ಬಿಟ್‌ಗಳ ಸೂಕ್ಷ್ಮ ಅಳತೆಗೆ 750 ಮಿಲಿಸೆಕೆಂಡುಗಳವರೆಗೆ ಬೇಕು. ಮೊದಲ ಅಳತೆ ಮುಗಿಯುವ ಮುನ್ನವೇ ಓದಿದರೆ ಶೀತಲಗೃಹವೂ ಸುಡುವ ಬಿಸಿಯಲ್ಲಿದ್ದಂತೆ ದಾಖಲಾಗುತ್ತದೆ.

ಹಾಗೆಂದು 85 ಬಂದಾಗಲೆಲ್ಲ ತಳ್ಳಿಹಾಕುವಂತಿಲ್ಲ. −55ರಿಂದ 125 ಡಿಗ್ರಿಯವರೆಗೆ ಅಳೆಯಬಲ್ಲ ಈ ಸಂವೇದಕಕ್ಕೆ ನಿಜವಾದ 85 ಕೂಡ ಎದುರಾಗಬಹುದು. ಆದುದರಿಂದ ಲಿನಕ್ಸ್‌ನ ಡ್ರೈವರ್‌ನಲ್ಲಿ, ಬೇಕೆನಿಸಿದರೆ ಬಳಸಿಕೊಳ್ಳಲು, ಎರಡನೆಯ ಸಾಕ್ಷಿಯನ್ನು ಕೇಳುವ ಏರ್ಪಾಡಿದೆ. ಸ್ಮೃತಿಯಲ್ಲಿ ಸೊನ್ನೆಯಿಂದ ಎಣಿಸಿದರೆ 6ನೆಯದಾಗುವ ಬೈಟ್ ಕೂಡ ಆರಂಭದ ಮೌಲ್ಯದಲ್ಲಿಯೇ ಉಳಿದಿದ್ದರೆ, ಡ್ರೈವರ್ ಅಂಕಿಯ ಬದಲು ದೋಷವನ್ನು ವರದಿ ಮಾಡುತ್ತದೆ.

ಒಂದೇ ಓಲೆಪ್ರತಿಯ ಪಾಠವನ್ನು ನಂಬದೆ ಮತ್ತೊಂದರೊಡನೆ ಹೋಲಿಸಿ ನೋಡುವ ಗ್ರಂಥಸಂಪಾದಕನ ಎಚ್ಚರವೇ ಇಲ್ಲಿಯದೂ ಹೌದು. ಸುಳ್ಳು ಅಂಕಿಗಿಂತ ‘ಅಳತೆ ಆಗಲಿಲ್ಲ’ ಎಂಬ ಉತ್ತರವೇ ಮೇಲು.