ಗರ್ಭಿಣಿಯ ಔಷಧವೂ ಜರಾಯುವೂ

ಹಳ್ಳಿಯ ಸೂಲಗಿತ್ತಿಯರು ‘ಮಾಸು’ ಎಂದೂ ವೈದ್ಯರು ‘ಜರಾಯು’ ಎಂದೂ ಕರೆಯುವ ಅಂಗವು, ಶಿಶು ಜನಿಸಿದ ಸ್ವಲ್ಪ ಹೊತ್ತಿನಲ್ಲಿಯೇ ತನ್ನ ಕಾರ್ಯವನ್ನು ಮುಗಿಸಿ ಹೊರಬೀಳುತ್ತದೆ. ದಿನತುಂಬಿದಾಗ ಅದರ ತೂಕ ಸುಮಾರು 500 ಗ್ರಾಂ. ಗರ್ಭಸ್ಥ ಶಿಶುವಿಗೆ ಅದೇ ಶ್ವಾಸಕೋಶ, ಅದೇ ಕರುಳು, ಅದೇ ಮೂತ್ರಪಿಂಡ. ತಾಯಿಯ ರಕ್ತವೂ ಶಿಶುವಿನ ರಕ್ತವೂ ಅಲ್ಲಿ ಬಹು ಸಮೀಪದಲ್ಲಿ ಹರಿದರೂ ಒಂದರೊಡನೊಂದು ಬೆರೆಯುವುದಿಲ್ಲ. ನಡುವೆ ತೆಳುವಾದ ಜೀವಂತ ಪದರವೊಂದಿದೆ.

ಈ ಪದರವು ವಿಷಪದಾರ್ಥಗಳನ್ನೆಲ್ಲ ತಡೆಯುವ ಗೋಡೆಯೆಂಬ ನಂಬಿಕೆ ಬಹುಕಾಲ ಪ್ರಚಲಿತವಾಗಿತ್ತು. ಅದರ ಬೆಲೆಯನ್ನು ತೆತ್ತವರು ಶಿಶುಗಳು. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಥಾಲಿಡೊಮೈಡ್ ಎಂಬ ನಿದ್ರೆಯ ಮಾತ್ರೆ ಮಾರಾಟಕ್ಕೆ ಬಂದಿತು. ನಿರಪಾಯಕಾರಿಯೆಂಬ ಭರವಸೆಯಿಂದ ಅನೇಕ ದೇಶಗಳ ಗರ್ಭಿಣಿಯರು ಅದನ್ನು ಸೇವಿಸಿದರು. ಕೈಕಾಲುಗಳು ಪೂರ್ಣವಾಗಿ ಬೆಳೆಯದ ಕೂಸುಗಳು ಹುಟ್ಟತೊಡಗಿದವು. ಹ್ಯಾಂಬರ್ಗಿನ ವಿಡುಕಿಂಡ್ ಲೆಂಟ್ಸ್ ಹಾಗೂ ಸಿಡ್ನಿಯ ವಿಲಿಯಂ ಮೆಕ್‌ಬ್ರೈಡ್ ಇಬ್ಬರೂ ಬೇರೆಬೇರೆಯಾಗಿ ಈ ಔಷಧದತ್ತ ಬೆರಳು ತೋರಿದರು. 1961ರ ನವೆಂಬರಿನಲ್ಲಿ ಜರ್ಮನಿಯಲ್ಲಿ ಅದು ಮಾರುಕಟ್ಟೆಯಿಂದ ಹಿಂದೆ ಸರಿಯಿತು. ಅಷ್ಟರಲ್ಲಿ ಜಗತ್ತಿನಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಶಿಶುಗಳು ಅದಕ್ಕೆ ತುತ್ತಾಗಿದ್ದುವೆಂದು ಅಂದಾಜು. ಗರ್ಭಧಾರಣೆಯ ಅನಂತರ ಸುಮಾರು 20ರಿಂದ 36ನೆಯ ದಿನದವರೆಗಿನ ಅವಧಿಯೇ ಅತ್ಯಂತ ಅಪಾಯದ್ದೆಂದು ಮುಂದೆ ತಿಳಿದುಬಂದಿತು. ತಾನು ಗರ್ಭಿಣಿಯೆಂಬುದು ಹೆಂಗಸಿಗೇ ಇನ್ನೂ ಖಚಿತವಾಗಿರದ ದಿನಗಳವು!

ಹಾಗಾದರೆ ಜರಾಯು ಬಾಗಿಲಿಲ್ಲದ ಬಯಲೆ? ಅದೂ ಅಲ್ಲ. ಅಣುವಿನ ಗಾತ್ರ, ಕೊಬ್ಬಿನಲ್ಲಿ ಕರಗುವ ಗುಣ, ರಕ್ತದ ಪ್ರೋಟೀನಿಗೆ ಅಂಟಿಕೊಳ್ಳುವ ಪ್ರಮಾಣ ಇವುಗಳನ್ನು ಅನುಸರಿಸಿ ಔಷಧಗಳು ಅದನ್ನು ದಾಟುತ್ತವೆ. ದೊಡ್ಡ ಅಣುವಾದ ಹೆಪಾರಿನ್ ದಾಟದು. ಸಣ್ಣದಾದ ವಾರ್ಫರಿನ್ ದಾಟುತ್ತದೆ. ರಕ್ತ ಹೆಪ್ಪುಗಟ್ಟದಂತೆ ಮಾಡುವುದೇ ಎರಡರ ಕೆಲಸವಾದರೂ ಗರ್ಭಿಣಿಯ ಮಟ್ಟಿಗೆ ಎರಡೂ ಒಂದೇ ಅಲ್ಲ. ಇದಲ್ಲದೆ, ಕೆಲವು ವಸ್ತುಗಳನ್ನು ತಾಯಿಯ ಕಡೆಗೇ ಹಿಂದೂಡುವ ಪ್ರೋಟೀನುಗಳೂ, ಕೆಲವನ್ನು ನಿಷ್ಕ್ರಿಯಗೊಳಿಸುವ ಕಿಣ್ವಗಳೂ ಜರಾಯುವಿನಲ್ಲಿವೆ. ಪ್ರೆಡ್ನಿಸೊಲೋನಿನ ಬಹುಭಾಗ ಅಲ್ಲಿಯೇ ಶಕ್ತಿಗುಂದುತ್ತದೆ. ಅದೇ ಜಾತಿಯ ಬೀಟಾಮೆಥಸೋನ್ ಹೆಚ್ಚು ಪ್ರಮಾಣದಲ್ಲಿ ದಾಟುತ್ತದೆ. ನ್ಯೂಜಿಲೆಂಡಿನ ಲಿಗಿನ್ಸ್ ಮತ್ತು ಹೋವಿ 1972ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಈ ಔಷಧವನ್ನು ತಾಯಿಗೆ ಕೊಟ್ಟು ಅಕಾಲದಲ್ಲಿ ಹುಟ್ಟುವ ಶಿಶುವಿನ ಶ್ವಾಸಕೋಶವನ್ನು ಬಲಿಯಿಸಬಹುದೆಂದು ತೋರಿಸಿದರು. ದಾಟುವ ಗುಣವೇ ಇಲ್ಲಿ ವರವಾಯಿತು.

ಇದನ್ನೆಲ್ಲ ಅರಿಯುವ ದಾರಿ ಸುಗಮವಲ್ಲ. ಪ್ರಾಣಿಗಳ ಜರಾಯುವಿನ ರಚನೆ ಮನುಷ್ಯರದಕ್ಕಿಂತ ಭಿನ್ನ. ಥಾಲಿಡೊಮೈಡಿನಿಂದ ಮೊಲದ ಮರಿಗಳಿಗಾದ ಊನ ಇಲಿಮರಿಗಳಿಗೆ ಆಗಲಿಲ್ಲ. ಆದುದರಿಂದ ಸಂಶೋಧಕರು, ಹೆರಿಗೆಯ ಅನಂತರ ದೊರೆತ ಮಾನವ ಜರಾಯುವಿನ ಒಂದು ಹಾಲೆಯಲ್ಲಿ ಎರಡೂ ಕಡೆಯಿಂದ ದ್ರವವನ್ನು ಹರಿಸಿ, ತಾಯಿಯ ಕಡೆಗೆ ಸೇರಿಸಿದ ಔಷಧವು ಶಿಶುವಿನ ಕಡೆಗೆ ಎಷ್ಟು ಬರುವುದೆಂದು ಅಳೆಯುತ್ತಾರೆ. ಈ ವಿಧಾನಕ್ಕೆ ಒಂದು ಮಿತಿಯುಂಟು: ಅದು ದಿನತುಂಬಿದ ಜರಾಯುವಿನ ಸಾಕ್ಷ್ಯ, ಅಂಗಾಂಗಗಳು ರೂಪುಗೊಳ್ಳುವ ಮೊದಲ ವಾರಗಳದ್ದಲ್ಲ.

1961ರ ದುರಂತದ ತರುವಾಯ ಗರ್ಭಿಣಿಯರನ್ನು ಔಷಧಪರೀಕ್ಷೆಗಳಿಂದ ದೂರವಿಡುವುದು ರೂಢಿಯಾಯಿತು. ಎಚ್ಚರಿಕೆಯಿಂದ ಹುಟ್ಟಿದ ಈ ರೂಢಿಯೇ ಅಜ್ಞಾನಕ್ಕೂ ಕಾರಣವಾಗಿದೆ. ಆದರೆ ಗರ್ಭಿಣಿಯರಿಗೂ ಮೂರ್ಛೆರೋಗ, ಮಧುಮೇಹ, ಮಲೇರಿಯಗಳು ಬಂದೇ ಬರುತ್ತವೆ. ಮೂರ್ಛೆರೋಗಕ್ಕೆ ಕೊಡುವ ವಾಲ್‌ಪ್ರೊಯೇಟ್ ಶಿಶುವಿಗೆ ಹಾನಿಕರವೆಂಬುದು ನಿಜ. ಅದನ್ನು ಹೆದರಿ ತಟ್ಟನೆ ನಿಲ್ಲಿಸಿದರೆ ತಾಯಿ, ಶಿಶು ಇಬ್ಬರ ಪ್ರಾಣಕ್ಕೂ ಅಪಾಯವೆಂಬುದೂ ಅಷ್ಟೇ ನಿಜ. ಗರ್ಭ ಧರಿಸುವ ಮುನ್ನವೇ ವೈದ್ಯರೊಡನೆ ವಿಚಾರಿಸಿ ಔಷಧವನ್ನು ಬದಲಿಸಿಕೊಳ್ಳುವುದು ಲೇಸು.

ಔಷಧವೆಲ್ಲ ವಿಷವೆಂಬ ಭೀತಿಯಾಗಲಿ, ಜರಾಯು ಎಲ್ಲವನ್ನೂ ತಡೆದೀತೆಂಬ ನೆಚ್ಚಿಕೆಯಾಗಲಿ ಸಲ್ಲದು. ಯಾವ ಔಷಧ, ಎಷ್ಟು, ಎಷ್ಟನೆಯ ವಾರದಲ್ಲಿ ಎಂಬುದೇ ಕೇಳಬೇಕಾದ ಪ್ರಶ್ನೆ. ಹೆರಿಗೆಯಾದೊಡನೆ ಮಣ್ಣುಪಾಲಾಗುತ್ತಿದ್ದ ಮಾಸು ಇಂದು ಆ ಪ್ರಶ್ನೆಗೆ ಉತ್ತರ ಕೊಡತೊಡಗಿದೆ.