ಕನ್ನಡ ಫಾಂಟ್ ಮಾಡುವ ವೃತ್ತಿ: ಎಲ್ಲಿಂದ ಶುರು ಮಾಡಬೇಕು?

ಚಿತ್ರ ಬಿಡಿಸುವ ಕೈ ಇದೆ, ಕಂಪ್ಯೂಟರ್ ಮೇಲೂ ಆಸೆ ಇದೆ, ಯಾವುದನ್ನೂ ಬಿಡಲು ಮನಸ್ಸಿಲ್ಲ ಎನ್ನುತ್ತೀರಾ? ಎರಡನ್ನೂ ಕೇಳುವ ಕೆಲಸವೊಂದಿದೆ. ಅದು ಅಕ್ಷರ ವಿನ್ಯಾಸ, ಅಂದರೆ ಫಾಂಟ್ ತಯಾರಿಕೆ. ಹಿಂದೆ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಂಥ ಕಡೆ ಲೋಹದ ಮೊಳೆಗಳಿಂದ ಆಗುತ್ತಿದ್ದ ಕೆಲಸ ಈಗ ಪರದೆಯ ಮೇಲೆ ನಡೆಯುತ್ತಿದೆ.

ಫಾಂಟ್ ಎಂಬ ಫೈಲಿನಲ್ಲಿ ಮುಖ್ಯವಾಗಿ ಎರಡು ಸಂಗತಿಗಳಿರುತ್ತವೆ. ಒಂದು ಗ್ಲಿಫ್, ಅಂದರೆ ಕಣ್ಣಿಗೆ ಕಾಣುವ ಒಂದೊಂದು ಆಕಾರ. ಇನ್ನೊಂದು, ಆ ಆಕಾರಗಳು ಹೇಗೆ ಕೂಡಬೇಕೆಂಬ ನಿಯಮ. ಜಗತ್ತಿನ ಲಿಪಿಗಳಿಗೆಲ್ಲ ಸಂಖ್ಯೆ ಕೊಡುವ ಯೂನಿಕೋಡ್ ವ್ಯವಸ್ಥೆಯಲ್ಲಿ ಕನ್ನಡಕ್ಕೆ 128 ಸ್ಥಾನಗಳಿವೆ. ಅಲ್ಲಿ ‘ಕ’ ಇದೆ, ಗುಡಿಸು ಇದೆ. ಆದರೆ ‘ಕಿ’ ಇಲ್ಲ. ತಲೆಕಟ್ಟು ಹೋಗಿ ಗುಡಿಸು ಕೂಡಿದ ಆ ಆಕಾರವನ್ನು ವಿನ್ಯಾಸಕಾರರೇ ಬಿಡಿಸಬೇಕು. ಹಾಗಾಗಿ ಒಂದು ಕನ್ನಡ ಫಾಂಟಿನಲ್ಲಿ ನೂರಾರು ಗ್ಲಿಫ್‌ಗಳು ಸೇರುತ್ತವೆ.

‘ಸೂರ್ಯ’ ಪದವನ್ನೇ ನೋಡಿ. ಟೈಪ್ ಮಾಡುವಾಗ ‘ರ’ ಮೊದಲು, ‘ಯ’ ಆಮೇಲೆ. ಪರದೆಯಲ್ಲಿ ‘ಯ’ ಮುಂದಾಗಿ, ‘ರ’ ಅರ್ಕಾವತ್ತಾಗಿ ಅದರ ಬಲಕ್ಕೆ ಕೂರುತ್ತದೆ. ಅಕ್ಷರ ಜೋಡಿಸುವ ತಂತ್ರಾಂಶವೂ ಫಾಂಟಿನೊಳಗಿನ ಓಪನ್‌ಟೈಪ್ ನಿಯಮಗಳೂ ಸೇರಿ ಈ ಅದಲುಬದಲು ಮಾಡುತ್ತವೆ. ‘ರಾಷ್ಟ್ರ’ದಲ್ಲಿ ತೊಡಕು ಇನ್ನೂ ಹೆಚ್ಚು. ಎರಡು ಒತ್ತುಗಳಿಗೂ ಜಾಗ ಬೇಕು, ಅವು ಕೆಳಗಿನ ಸಾಲಿಗೆ ತಾಗಬಾರದು. ಮೊಬೈಲ್ ಆ್ಯಪ್‌ಗಳ ಬಟನ್‌ನಲ್ಲಿ ಒತ್ತಕ್ಷರ ಅರ್ಧಕ್ಕೆ ಕತ್ತರಿಸಿ ಹೋಗಿರುವುದನ್ನು ನೀವೂ ನೋಡಿರಬಹುದು. ಚಿಕ್ಕಂದಿನಿಂದ ಕನ್ನಡ ಓದಿದವರ ಕಣ್ಣಿಗೆ ಆ ತಪ್ಪು ತಟ್ಟನೆ ಬೀಳುತ್ತದೆ. ಈ ವೃತ್ತಿಯಲ್ಲಿ ನಿಮ್ಮ ದೊಡ್ಡ ಬಂಡವಾಳ ಅದೇ.

‘ನನಗೆ ಕೋಡಿಂಗ್ ಬರುವುದಿಲ್ಲವಲ್ಲ’ ಎಂದು ಹಿಂಜರಿಯಬೇಡಿ. ಇಲ್ಲಿನ ನಿಯಮಗಳು ‘ಇವೆರಡು ಒಟ್ಟಿಗೆ ಬಂದರೆ ಅದನ್ನು ತೋರಿಸು’ ಎಂಬಷ್ಟು ಸರಳವಾಗಿ ಶುರುವಾಗುತ್ತವೆ. ಪೈಥಾನ್ ಭಾಷೆಯನ್ನು ನಿಧಾನಕ್ಕೆ ಕಲಿಯಬಹುದು. ಮೊದಲು ಬೇಕಾದ್ದು ಅಗಲ ಮೂತಿಯ ಪೆನ್ನು ಮತ್ತು ಕಾಗದ. ‘ವ’ ಹದಕ್ಕೆ ಬರುವ ತನಕ ಬರೆಯಿರಿ. ಅದು ಬಂದರೆ ಪ, ಮ, ಷ ಅರ್ಧ ಬಂದಂತೆ. ಕೈಗೆ ಅಕ್ಷರ ಒಗ್ಗುವ ಮುನ್ನ ತಂತ್ರಾಂಶಕ್ಕೆ ಕೂತವರ ಗೆರೆಯಲ್ಲಿ ಜೀವ ಇರುವುದಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಖರ್ಚು ಎಷ್ಟು? ಗೆರೆ ಎಳೆಯುವ ಇಂಕ್‌ಸ್ಕೇಪ್, ಫಾಂಟ್ ಕಟ್ಟುವ ಫಾಂಟ್‌ಫೋರ್ಜ್ ಎರಡೂ ಉಚಿತ. ವೃತ್ತಿಪರರಲ್ಲಿ ಹಲವರು ಬಳಸುವ ಗ್ಲಿಫ್ಸ್ ತಂತ್ರಾಂಶಕ್ಕೆ ಸುಮಾರು 300 ಯೂರೋ ಆಗುತ್ತದೆ, ಅದು ಮ್ಯಾಕ್ ಕಂಪ್ಯೂಟರಿನಲ್ಲಿ ಮಾತ್ರ ನಡೆಯುತ್ತದೆ. ಅದನ್ನು ಸಂಪಾದನೆ ಶುರುವಾದ ಮೇಲೆ ಕೊಂಡರೆ ಸಾಕು.

ಕಲಿಯಲು ಐಐಟಿ ಬಾಂಬೆಯ ಐಡಿಸಿ, ಅಹಮದಾಬಾದಿನ ಎನ್‌ಐಡಿ, ಬೆಂಗಳೂರಿನ ಸೃಷ್ಟಿ ಮಣಿಪಾಲ್ ಸಂಸ್ಥೆಗಳಿವೆ. ಐಐಟಿಗಳ ವಿನ್ಯಾಸ ಪದವಿಗೆ ಯುಸೀಡ್, ಸ್ನಾತಕೋತ್ತರಕ್ಕೆ ಸೀಡ್ ಪ್ರವೇಶ ಪರೀಕ್ಷೆ. ಮೈಸೂರಿನ ಕಾವಾದಂಥ ಕಲಾ ಕಾಲೇಜಿನಲ್ಲಿ ಓದಿದವರಿಗೂ ಈ ದಾರಿ ಮುಚ್ಚಿಲ್ಲ. ಕಾಲೇಜಿಗೆ ಹೋಗಲಾಗದಿದ್ದರೆ ಗೂಗಲ್ ಫಾಂಟ್ಸ್‌ನಿಂದ ಬಾಲೂ ತಮ್ಮ, ಅನೇಕ್ ಕನ್ನಡ ಫಾಂಟ್‌ಗಳನ್ನು ಇಳಿಸಿಕೊಳ್ಳಿ. ಮುಕ್ತ ಪರವಾನಗಿ ಇರುವುದರಿಂದ ಅವನ್ನು ಬಿಚ್ಚಿ ನೋಡಿ ಕಲಿಯಲು ಅಡ್ಡಿಯಿಲ್ಲ.

ಹೊಟ್ಟೆಪಾಡು? ಫಾಂಟ್ ಸಂಸ್ಥೆಗಳು ಮುಂಬಯಿಯ ಏಕ್ ಟೈಪ್, ಅಹಮದಾಬಾದಿನ ಇಂಡಿಯನ್ ಟೈಪ್ ಫೌಂಡ್ರಿ, ಬೆಂಗಳೂರಿನ ಯೂನಿವರ್ಸಲ್ ಥರ್ಸ್ಟ್ ಹೀಗೆ ಬೆರಳೆಣಿಕೆಯಷ್ಟು. ಕೆಲಸಗಳೂ ಕಡಿಮೆ. ಒಂದು ಒಳ್ಳೆಯ ಫಾಂಟಿಗೆ ಹಲವು ತಿಂಗಳು ಹಿಡಿಯುತ್ತದೆ. ಅಲ್ಲಿಯವರೆಗೆ ಸಿನಿಮಾ ಶೀರ್ಷಿಕೆ, ಪುಸ್ತಕದ ಮುಖಪುಟ, ಲೋಗೋ, ಆ್ಯಪ್‌ಗಳಲ್ಲಿ ಕನ್ನಡ ಸರಿಯಾಗಿ ಮೂಡುತ್ತಿದೆಯೇ ಎಂದು ಪರೀಕ್ಷಿಸುವ ಕೆಲಸಗಳನ್ನು ಹಿಡಿಯಿರಿ. ಯಾವ ಕೆಲಸವೇ ಆಗಲಿ, ಬಿಡಿಸಿದ ಅಕ್ಷರಗಳ ಹಕ್ಕು ಯಾರಿಗೆ ಸೇರುತ್ತದೆ ಎಂಬುದನ್ನು ಮುಂಗಡ ಪಡೆಯುವ ಮೊದಲೇ ಕಾಗದದಲ್ಲಿ ಬರೆಸಿಕೊಳ್ಳಿ.