ಗೋಡೆ ಹತ್ತುವ ಬೆರಳುಗಳು

ಬೆಳಿಗ್ಗೆ 9ಕ್ಕೇ ಒಪಿಡಿ ಚೀಟಿ ಮಾಡಿಸಿ ಫಿಸಿಯೋಥೆರಪಿ ವಿಭಾಗದ ಬೆಂಚಿನಲ್ಲಿ ಕೂತೆ. ಬಲಭುಜ ಬಿಗಿದುಕೊಂಡು ನಾಲ್ಕು ತಿಂಗಳು. ಜಡೆ ಹಾಕಿಕೊಳ್ಳಲೂ ಮಗಳೇ ಬೇಕು. ನನಗೆ ಸಕ್ಕರೆ ಕಾಯಿಲೆ. ಅಂಥವರಲ್ಲಿ ಈ ‘ಫ್ರೋಜನ್ ಶೋಲ್ಡರ್’ ಹೆಚ್ಚು. ಕೀಲನ್ನು ಸುತ್ತಿದ ಪೊರೆ ದಪ್ಪಗಾಗಿ ಕುಗ್ಗಿಬಿಡುತ್ತದೆ.

ಥೆರಪಿಸ್ಟ್ ಹುಡುಗಿ ಕೋನಮಾಪಕದಂಥ ಗೊನಿಯೋಮೀಟರ್ ಹಿಡಿದು ತೋಳೆತ್ತಿಸಿದಳು. ಸರಿಯಿದ್ದ ಭುಜದಲ್ಲಿ ತೋಳು ಸುಮಾರು 180 ಡಿಗ್ರಿ ಏಳುತ್ತದೆ. ನನ್ನದು 95ಕ್ಕೇ ಮುಷ್ಕರ. “ಅಮ್ಮಾ, ಭುಜ ಕಿವಿಗೆ ಏರಿಸಿ ಮೋಸ ಮಾಡ್ಬೇಡಿ” ಎಂದು ನಕ್ಕಳು. ಸಿಕ್ಕಿಬಿದ್ದೆ! ಮೊದಲು ಶಾಖ, ಆಮೇಲೆ ರಾಟೆಯ ಹಗ್ಗ. ಬಾವಿಯಿಂದ ನೀರು ಸೇದಿದಂತೆಯೇ, ಆದರೆ ಎಡಗೈ ಎಳೆದರೆ ಮೇಲೇರುವುದು ಕೊಡವಲ್ಲ, ಬಲಗೈ. ಕೊನೆಗೆ ಗೋಡೆಯ ಮರದ ಏಣಿಯಲ್ಲಿ ಬೆರಳುಗಳ ನಡಿಗೆ. ಹದಿನಾಲ್ಕನೇ ಮೆಟ್ಟಿಲಿಗೆ ಕಣ್ಣಲ್ಲಿ ನೀರು.

ವಾಸಿಯಾಗಲು ವರ್ಷ, ಕೆಲವರಿಗೆ ಇನ್ನೂ ಹೆಚ್ಚು ಹಿಡಿಯುತ್ತದಂತೆ. ಮನೆಯಲ್ಲಿ ದಿನಕ್ಕೆ ಮೂರು ಸಲ ಮಾಡಬೇಕು. ಅಡುಗೆಮನೆ ಗೋಡೆಗೆ ಪೆನ್ಸಿಲ್ ಗೆರೆ ಎಳೆದಿದ್ದೇನೆ.